ಮದುವೆ ಡಿವಿಡಿಯಲ್ಲಿ ಅಳಿದ ಸೋಬಾನೆ

2006ರಲ್ಲಿ ಹೊಳೆನರಸೀಪುರದ ಛತ್ರವೊಂದರಲ್ಲಿ ನನ್ನ ಚಿಕ್ಕಮ್ಮನ ಮದುವೆಯಾಯಿತು. ಅದರ ಡಿವಿಡಿಯಲ್ಲಿ ಅರಿಶಿನ ಶಾಸ್ತ್ರದ ಹೊತ್ತಿಗೆ ಅಜ್ಜಿ ಹಸೆಯ ಪಕ್ಕ ಕೂತು ಸೋಬಾನೆ ಹೇಳುತ್ತಿದ್ದಾಳೆ. ತುಟಿ ಆಡುವುದು ಕಾಣುತ್ತದೆ. ಕೇಳುವುದು ಸಿನಿಮಾ ಹಾಡು. ಅಜ್ಜಿ ತೀರಿಕೊಂಡ ಮೇಲೆ ಆ ಪದ ಕೇಳಬೇಕೆನ್ನಿಸಿ ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ನೆಂಟರ ಬಳಿಯಿದ್ದ ಪ್ರತಿಗಳನ್ನೂ ಹಾಕಿ ನೋಡಿದೆ. ಎಲ್ಲದರಲ್ಲೂ ಅದೇ ಹಾಡು. ಮೂಲ ಟೇಪಿನ ಮೇಲೆ ಸ್ಟುಡಿಯೋದವರು ಬೇರೆ ಯಾರದೋ ಮದುವೆ ಚಿತ್ರಿಸಿದ್ದರು.

ಚಿತ್ರ ಉಳಿಸಿಕೊಂಡು ಧ್ವನಿ ಬದಲಿಸುವ ಕೆಲಸ ಕನ್ನಡಕ್ಕೆ ಹೊಸದಲ್ಲ. ಆರ್. ನಾಗೇಂದ್ರರಾಯರು ನಿರ್ದೇಶಿಸಿ, ಸುಬ್ಬಯ್ಯ ನಾಯ್ಡು ಅಭಿನಯಿಸಿದ ಕನ್ನಡದ ‘ಹರಿಶ್ಚಂದ್ರ’ 1943ರಲ್ಲಿ ತೆರೆಗೆ ಬಂತು. ಮರುವರ್ಷ ಎ.ವಿ. ಮೇಯಪ್ಪನ್ ಅದನ್ನು ತಮಿಳಿಗೆ ಡಬ್ ಮಾಡಿಸಿದರು. ಭಾರತದಲ್ಲಿ ಡಬ್ ಆದ ಮೊದಲ ಚಿತ್ರವೆಂದು ಹೆಸರಿಸುವುದು ಇದನ್ನೇ. ಆದರೆ ಸಿನಿಮಾ ಡಬ್ಬಿಂಗಿನಲ್ಲಿ ಹೊಸ ಧ್ವನಿಗೆ ಹೊಸ ಪ್ರತಿ ತಯಾರಾಗುತ್ತದೆ. ತಮಿಳು ಮಾತು ಬಂದದ್ದಕ್ಕೆ ಕನ್ನಡದ್ದು ಅಳಿಯಬೇಕಿರಲಿಲ್ಲ.

ಮದುವೆ ವಿಡಿಯೋದ ಕತೆ ಬೇರೆ. ವಿಎಚ್‌ಎಸ್ ಕಾಲದಲ್ಲಿ ಟೇಪಿನ ಅಂಚಿನುದ್ದಕ್ಕೂ ಧ್ವನಿಯ ಪಟ್ಟಿಯಿರುತ್ತಿತ್ತು. ಕೆಲವು ವಿಸಿಆರ್‌ಗಳಲ್ಲಿ ‘ಆಡಿಯೋ ಡಬ್’ ಗುಂಡಿ ಒತ್ತಿದರೆ ಚಿತ್ರ ಹಾಗೇ ಉಳಿದು, ಆ ಪಟ್ಟಿಯ ಮೇಲೆ ಹೊಸ ಧ್ವನಿ ಕೂರುತ್ತಿತ್ತು, ಹಳೆಯದು ಅಳಿಯುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಚಿತ್ರ, ಧ್ವನಿ ಬೇರೆ ಬೇರೆ ಸಾಲುಗಳಾದವು. ಒಂದು ಸಾಲನ್ನು ಮ್ಯೂಟ್ ಮಾಡಿ ಅದರ ಕೆಳಗೆ ಹಾಡು ಎಳೆದು ಹಾಕಿದರೆ ಮುಗಿಯಿತು.

ಸ್ಟುಡಿಯೋದವರಿಗೂ ಅವರದೇ ಕಾರಣಗಳಿದ್ದವು. ಜನರೇಟರ್ ಗದ್ದಲ, ಓಲಗ, ಮಕ್ಕಳ ಅಳು ಎಲ್ಲವೂ ಕ್ಯಾಮೆರಾದ ಪುಟ್ಟ ಮೈಕಿಗೆ ಒಂದೇ. ನಾಲ್ಕೈದು ಗಂಟೆಯ ಟೇಪನ್ನು ಎರಡು ಗಂಟೆಗೆ ಇಳಿಸುವಾಗ ಕತ್ತರಿಸಿದ ಕಡೆಯಲ್ಲೆಲ್ಲ ಧ್ವನಿ ತುಂಡಾಗುತ್ತದೆ. ಹಾಡು ಹಾಕಿದರೆ ಅದು ಮುಚ್ಚಿಹೋಗುತ್ತದೆ. ನೋಡುವವರಿಗೂ ಅದೇ ಇಷ್ಟವಿತ್ತು. ನಮ್ಮ ಮನೆಯಲ್ಲೂ ಆಗ ಯಾರೂ ಆಕ್ಷೇಪಿಸಲಿಲ್ಲ.

ನನ್ನನ್ನು ಕಾಡುವ ಸಂಗತಿ ಇನ್ನೊಂದು. ಒಂದು ಡಿವಿಡಿಯಲ್ಲಿ 8 ಧ್ವನಿಪಥಗಳವರೆಗೆ ಇಡಬಹುದು. ರಿಮೋಟಿನ ‘ಆಡಿಯೋ’ ಗುಂಡಿ ಇರುವುದೇ ಅವುಗಳ ನಡುವೆ ಬದಲಿಸಲು. ಸೆಕೆಂಡಿಗೆ 192 ಕಿಲೋಬಿಟ್ ದರದಲ್ಲಿ ಎರಡು ಗಂಟೆಯ ಧ್ವನಿಗೆ ಸುಮಾರು 173 ಎಂಬಿ ಸಾಕು. ಡಿಸ್ಕಿನಲ್ಲಿದ್ದ ಜಾಗ 4.7 ಜಿಬಿ. ಮೊದಲ ಪಥದಲ್ಲಿ ಸಿನಿಮಾ ಹಾಡು, ಎರಡನೆಯದರಲ್ಲಿ ಅಜ್ಜಿಯ ಸೋಬಾನೆ ಇರಬಹುದಿತ್ತು. ಜಾಗದ ಕೊರತೆಯಿಂದ ಆ ದನಿ ಹೋಗಲಿಲ್ಲ. ಅದನ್ನು ಗದ್ದಲವೆಂದುಕೊಂಡದ್ದರಿಂದ ಹೋಯಿತು.

ಜನಪದ ಗೀತೆಗಳ ಸಂಗ್ರಹಗಳು ಪದಗಳ ಪಠ್ಯವನ್ನು ಉಳಿಸಿವೆ. ಹೇಳುವವರ ಉಸಿರು, ಸೊಲ್ಲೆತ್ತುವ ಬಗೆ ಇಂಥ ಟೇಪುಗಳಲ್ಲಿತ್ತು. ನಿಮ್ಮ ಅಟ್ಟದಲ್ಲಿ ಎಡಿಟ್ ಆಗದ ಕ್ಯಾಸೆಟ್ ಇದ್ದರೆ ಬೂಸ್ಟು ಹಿಡಿಯುವ ಮೊದಲು ಕಂಪ್ಯೂಟರಿಗೆ ಹಾಕಿಸಿಕೊಳ್ಳಿ, ಅದರ ಧ್ವನಿಯ ಸಮೇತ.

ಅಮ್ಮನಿಗೆ ಆ ಪದದ ಎರಡು ಸಾಲು ನೆನಪಿದೆ. ಮೂರನೆಯದಕ್ಕಾಗಿ ಅವಳು ಟಿವಿಯ ದನಿ ಪೂರ್ತಿ ತಗ್ಗಿಸಿ, ಅಜ್ಜಿಯ ತುಟಿಯನ್ನೇ ನೋಡುತ್ತಾಳೆ.