ದರಪಟ್ಟಿ, ಗೂಡು ಮತ್ತು ಸುದ್ದಿಮನೆ: ಕರ್ನಾಟಕದ ಚುನಾವಣಾ ಪ್ರಚಾರದ ಸತ್ಯಾಸತ್ಯತೆಯಲ್ಲಿ ಮಾಧ್ಯಮದ ಹೊಣೆ

1. ಪ್ರಶ್ನೆ ಮತ್ತು ವ್ಯಾಪ್ತಿ

ಕರ್ನಾಟಕ ವಿಧಾನಸಭೆಗೆ 2023ರ ಮೇ 10ರಂದು ಮತದಾನ ನಡೆಯಿತು. ಅದಕ್ಕೆ ಐದು ದಿನ ಮೊದಲು, ಮೇ 5ರಂದು, ಪ್ರದೇಶ ಕಾಂಗ್ರೆಸ್ ಸಮಿತಿಯ ‘ಭ್ರಷ್ಟಾಚಾರದ ರೇಟ್ ಕಾರ್ಡ್’ ಜಾಹೀರಾತು ಪತ್ರಿಕೆಗಳಲ್ಲಿ ಪ್ರಕಟವಾಯಿತು. ಮರುವರ್ಷ ಲೋಕಸಭಾ ಚುನಾವಣೆಯ ನಡುವೆ, ಮೇ 4ರಂದು, ರಾಜ್ಯ ಬಿಜೆಪಿಯ ‘ಎಕ್ಸ್’ ಖಾತೆಯಲ್ಲಿ ಮೀಸಲಾತಿ ಕುರಿತ ಅನಿಮೇಷನ್ ವಿಡಿಯೊ ಕಾಣಿಸಿಕೊಂಡಿತು. ಮೊದಲನೆಯದು ಪತ್ರಿಕೆಗೆ ಹಣ ಕೊಟ್ಟು ಹಾಕಿಸಿದ್ದು; ಎರಡನೆಯದು ಪಕ್ಷ ತನ್ನದೇ ಖಾತೆಯಲ್ಲಿ ಹರಿಬಿಟ್ಟದ್ದು. ಕಾನೂನಿನ ಕಣ್ಣಿಗೆ ಇವು ಬೇರೆ ಬೇರೆ. ಓದುವ, ನೋಡುವ ಮತದಾರನ ಮಟ್ಟಿಗೆ ಎರಡೂ ಪ್ರಚಾರವೇ.

ಈ ಎರಡು ಪ್ರಕರಣಗಳನ್ನು ಮುಂದಿಟ್ಟುಕೊಂಡು, ದಾರಿತಪ್ಪಿಸುವ ಚುನಾವಣಾ ಪ್ರಚಾರಕ್ಕೆ ಮಾಧ್ಯಮ ಹೇಗೆ ಉತ್ತರಿಸಬೇಕು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಆಗಿನ ಸರ್ಕಾರದಲ್ಲಿ ಭ್ರಷ್ಟಾಚಾರ ಇತ್ತೇ, ಮೀಸಲಾತಿ ನೀತಿ ಸರಿಯೇ ಎಂಬ ಪ್ರಶ್ನೆಗಳು ಇದರ ವ್ಯಾಪ್ತಿಯಲ್ಲಿಲ್ಲ. ‘ದಾರಿತಪ್ಪಿಸುವ’ ಎಂಬುದನ್ನೂ ಇಲ್ಲಿ ‘ಸುಳ್ಳು’ ಎಂಬುದಕ್ಕಿಂತ ವಿಶಾಲ ಅರ್ಥದಲ್ಲಿ ಬಳಸಿದೆ. ಬಿಡಿಬಿಡಿಯಾಗಿ ಆಧಾರವಿರುವ ಸಂಗತಿಗಳನ್ನು ಜೋಡಿಸಿಯೂ, ಆಧಾರವಿಲ್ಲದ ತೀರ್ಮಾನಕ್ಕೆ ಓದುಗನನ್ನು ಒಯ್ಯಬಹುದು.

2. ನಿಯಮಗಳು ಏನನ್ನು ನೋಡುತ್ತವೆ

ಟಿ.ವಿ. ವಾಹಿನಿ ಮತ್ತು ಕೇಬಲ್ ಜಾಲಗಳಲ್ಲಿ ಬರುವ ರಾಜಕೀಯ ಜಾಹೀರಾತುಗಳಿಗೆ ಪೂರ್ವಾನುಮತಿ ಕಡ್ಡಾಯವಾದದ್ದು 2004ರ ಏಪ್ರಿಲ್ 13ರಂದು, ಜೆಮಿನಿ ಟಿ.ವಿ. ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದಿಂದ. ಈಗ ಆ ಕೆಲಸವನ್ನು ಜಿಲ್ಲೆ ಹಾಗೂ ರಾಜ್ಯ ಮಟ್ಟದ ಮಾಧ್ಯಮ ಪ್ರಮಾಣೀಕರಣ ಮತ್ತು ಕಣ್ಗಾವಲು ಸಮಿತಿಗಳು, ಅಂದರೆ ಎಂ.ಸಿ.ಎಂ.ಸಿ.ಗಳು, ಮಾಡುತ್ತವೆ. ಸಾಮಾಜಿಕ ಜಾಲತಾಣದ ಜಾಹೀರಾತುಗಳು 2013ರಲ್ಲಿ ಈ ವ್ಯವಸ್ಥೆಯೊಳಗೆ ಬಂದವು. ಸಮಿತಿ ನೋಡುವುದು ಮುಖ್ಯವಾಗಿ ಕಾನೂನು, ಸಭ್ಯತೆ, ಧಾರ್ಮಿಕ ಭಾವನೆಗಳಂಥ ಅಂಶಗಳನ್ನು. ಅರ್ಜಿಗೂ ಪ್ರಸಾರಕ್ಕೂ ನಡುವೆ ಸಿಗುವ ಕೆಲವೇ ದಿನಗಳಲ್ಲಿ ಒಂದು ಆರೋಪದ ಬೇರು ಹುಡುಕುವಷ್ಟು ಸಿಬ್ಬಂದಿಯಾಗಲಿ ಅಧಿಕಾರವಾಗಲಿ ಅದಕ್ಕಿಲ್ಲ.

ಪತ್ರಿಕೆಗಳ ಮಟ್ಟಿಗೆ ಹಿಡಿತ ಇನ್ನೂ ಸಡಿಲ. ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಕಲಮು ಮತದಾನ ಮುಗಿಯುವ ಹೊತ್ತಿಗೆ ಕೊನೆಗೊಳ್ಳುವ 48 ಗಂಟೆಗಳಲ್ಲಿ ಟಿ.ವಿ., ಸಿನಿಮಾಗಳಲ್ಲಿ ಪ್ರಚಾರವನ್ನು ನಿಷೇಧಿಸುತ್ತದೆ. ಮುದ್ರಣ ಮಾಧ್ಯಮದ ಮಾತು ಅಲ್ಲಿಲ್ಲ. ಅದನ್ನೂ ಸೇರಿಸಬೇಕೆಂದು ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ಅದೇ ವರ್ಷದ ಬಿಹಾರ ಚುನಾವಣೆಯ ನಂತರ, ಮತದಾನದ ದಿನ ಮತ್ತು ಅದರ ಹಿಂದಿನ ದಿನದ ಪತ್ರಿಕಾ ಜಾಹೀರಾತುಗಳಿಗೆ ಮಾತ್ರ ಪೂರ್ವಾನುಮತಿ ಕೇಳುವುದು ಚುನಾವಣಾ ಆಯೋಗದ ರೂಢಿಯಾಗಿದೆ. ಮೇ 5 ಈ ಎರಡು ದಿನಗಳ ಆಚೆ ಬೀಳುತ್ತದೆ. ಸರಕಿನ ಜಾಹೀರಾತುಗಳ ಮೇಲೆ ಕಣ್ಣಿಡುವ ಭಾರತೀಯ ಜಾಹೀರಾತು ಮಾನದಂಡ ಮಂಡಳಿ ರಾಜಕೀಯ ಜಾಹೀರಾತಿನ ಗೊಡವೆಗೆ ಹೋಗುವುದಿಲ್ಲ. ಪರಿಶೀಲಿಸದ ಆರೋಪಗಳನ್ನೂ ತಿರುಚಿದ ಸಂಗತಿಗಳನ್ನೂ ಆಧರಿಸಿ ಟೀಕಿಸಬಾರದೆಂದು ಮಾದರಿ ನೀತಿಸಂಹಿತೆ ಹೇಳುತ್ತದೆ ನಿಜ; ಅದು ಚಾಲನೆಗೆ ಬರುವುದು ಬಹುಮಟ್ಟಿಗೆ ಯಾರಾದರೂ ದೂರು ಕೊಟ್ಟ ಮೇಲೆ.

ಉಳಿಯುವುದು ಭಾರತೀಯ ಪತ್ರಿಕಾ ಮಂಡಳಿಯ ನಿಯಮಾವಳಿ. ಜಾಹೀರಾತೂ ಸೇರಿದಂತೆ ಪತ್ರಿಕೆಯಲ್ಲಿ ಅಚ್ಚಾಗುವ ಎಲ್ಲದಕ್ಕೂ ಸಂಪಾದಕನೇ ಹೊಣೆ, ಹೊಣೆ ಒಲ್ಲೆನೆಂದರೆ ಅದನ್ನು ಮೊದಲೇ ಸ್ಪಷ್ಟವಾಗಿ ಪ್ರಕಟಿಸಬೇಕು ಎಂಬುದು ಅದರ ನಿಲುವು. 2023ರ ಮೇ 7ರಂದು ಚುನಾವಣಾ ಆಯೋಗ ಕರ್ನಾಟಕದ ಪತ್ರಿಕೆಗಳ ಸಂಪಾದಕರಿಗೆ ಬರೆದ ಪತ್ರದಲ್ಲಿ ಇದೇ ನಿಯಮವನ್ನು ನೆನಪಿಸಿತು. ವಿವಾದದಲ್ಲಿ ಪಕ್ಷಗಳ ಹೆಸರು ಎಷ್ಟು ಸಲ ಕೇಳಿಬಂದರೂ, ಆಯೋಗದ ದೃಷ್ಟಿಯಲ್ಲಿ ಅಚ್ಚು ಹಾಕಿದವರೂ ಪಾಲುದಾರರೇ ಆಗಿದ್ದರು ಎಂಬುದಕ್ಕೆ ಈ ಪತ್ರವೇ ಸಾಕ್ಷಿ.

3. ದರಪಟ್ಟಿಯ ಒಳಗೆ

ರೇಟ್ ಕಾರ್ಡ್ ಜಾಹೀರಾತಿನ ಬಲ ಅದರ ರೂಪದಲ್ಲಿತ್ತು. ಮುಖ್ಯಮಂತ್ರಿ ಹುದ್ದೆಗೆ 2,500 ಕೋಟಿ, ಸಚಿವ ಸ್ಥಾನಕ್ಕೆ 500 ಕೋಟಿ, ಕಾಮಗಾರಿಗೆ ಶೇ 40, ಮಠಗಳ ಅನುದಾನಕ್ಕೆ ಶೇ 30 ಎಂಬಂತೆ, ಹೋಟೆಲಿನ ಗೋಡೆಯ ತಿಂಡಿಪಟ್ಟಿಯ ಹಾಗೆ, ಎದುರುಬದುರು ಅಂಕಿಗಳು. ಪಟ್ಟಿ ಎಂದ ಮೇಲೆ ಅದು ಜಾರಿಯಲ್ಲಿರುವ ಬೆಲೆ ಎಂಬ ಭಾವನೆ ಓದುಗನಲ್ಲಿ ತಾನಾಗಿಯೇ ಮೂಡುತ್ತದೆ. ಯಾರು ಹೇಳಿದರು, ಯಾವಾಗ, ಯಾವ ಆಧಾರದ ಮೇಲೆ ಎಂಬುದಕ್ಕೆ ಆ ವಿನ್ಯಾಸದಲ್ಲಿ ಜಾಗವೇ ಇರಲಿಲ್ಲ.

ಪಟ್ಟಿಯ ಸಾಲುಗಳನ್ನು ಬಿಡಿಸಿದರೆ ಒಂದೊಂದರ ಮೂಲವೂ ಬೇರೆ. ಶೇ 40ರ ಮಾತಿನ ಹಿಂದೆ ರಾಜ್ಯ ಗುತ್ತಿಗೆದಾರರ ಸಂಘ 2021ರ ಜುಲೈನಲ್ಲಿ ಪ್ರಧಾನಿಗೆ ಬರೆದ ಪತ್ರವಿದೆ. ಆ ಆರೋಪ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ‘ಪೇಸಿಎಂ’ ಪೋಸ್ಟರ್ ಆಗಿಯೂ ಬಂದಿತ್ತು. ಮಠಗಳ ಅನುದಾನದಲ್ಲಿ ಶೇ 30 ಕಮಿಷನ್ ಕೇಳುತ್ತಾರೆ ಎಂದು 2022ರ ಏಪ್ರಿಲ್‌ನಲ್ಲಿ ದಿಂಗಾಲೇಶ್ವರ ಸ್ವಾಮೀಜಿ ಆರೋಪಿಸಿದ್ದರು. 2,500 ಕೋಟಿಯ ಮಾತನ್ನು 2022ರ ಮೇ ತಿಂಗಳಲ್ಲಿ ಆಡಿದವರು ಬಿಜೆಪಿಯದೇ ಶಾಸಕ ಬಸನಗೌಡ ಪಾಟೀಲ ಯತ್ನಾಳ. ದೆಹಲಿಯಿಂದ ಬಂದ ಕೆಲವರು ಅಷ್ಟು ಹಣ ಕೊಟ್ಟರೆ ಮುಖ್ಯಮಂತ್ರಿ ಮಾಡುವುದಾಗಿ ತಮಗೆ ಹೇಳಿದ್ದರು ಎಂಬುದು ಅವರ ಮಾತಿನ ಸಾರ. ಅಂದರೆ ಒಂದು ಸಂಘಟನೆಯ ಲಿಖಿತ ದೂರು, ಒಬ್ಬ ಸ್ವಾಮೀಜಿಯ ಬಹಿರಂಗ ಆರೋಪ, ಶಾಸಕರೊಬ್ಬರು ವೇದಿಕೆಯಲ್ಲಿ ಹೇಳಿದ ಆಮಿಷದ ಕಥೆ ಮೂರೂ ಒಂದೇ ಪಟ್ಟಿಯಲ್ಲಿ ಒಂದೇ ತೂಕ ಪಡೆದವು. ಆರೋಪ ನಡೆದದ್ದು ನಿಜ. ಆರೋಪ ಸಾಬೀತಾದ ಬೆಲೆಯಾಗಿ ಅಚ್ಚಾದದ್ದು ದಾರಿತಪ್ಪಿಸುವ ಕೆಲಸ.

ಈ ಬಿಡಿಸುವಿಕೆಗೆ ಬೇಕಾದದ್ದೆಲ್ಲ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲೇ ಇತ್ತು. ಆದರೆ ಸುದ್ದಿ ಹಿಡಿದ ಹಾದಿ ಬೇರೆ: ಬಿಜೆಪಿಯ ದೂರು, ಮೇ 6ರಂದು ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಡಿ.ಕೆ. ಶಿವಕುಮಾರ್ ಅವರಿಗೆ ಆಯೋಗದ ನೋಟಿಸ್, ಮೇ 7ರ ಸಂಜೆ 7 ಗಂಟೆಯೊಳಗೆ ಪುರಾವೆ ಒದಗಿಸಿ ಎಂಬ ಗಡುವು, ಬಳಿಕ ಮಾನನಷ್ಟ ಮೊಕದ್ದಮೆ. ಇವೆಲ್ಲ ಸುದ್ದಿಯೇ, ಬರೆಯಬೇಕಾದ್ದೇ. ಜಗಳದ ವರದಿ ಎಷ್ಟೇ ನಿಷ್ಪಕ್ಷಪಾತವಾಗಿದ್ದರೂ, ಶೇ 40 ಎಂಬುದು ಯಾವ ಕಾಮಗಾರಿಯ, ಯಾರ ಲೆಕ್ಕ ಎಂಬ ಓದುಗನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

4. ಗೂಡಿನ ಲೆಕ್ಕ

2024ರ ವಿಡಿಯೊದಲ್ಲಿ ಒಂದು ಗೂಡು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಎಂದು ಬರೆದ ಮೊಟ್ಟೆಗಳ ನಡುವೆ ರಾಹುಲ್ ಗಾಂಧಿ ಮತ್ತು ಸಿದ್ದರಾಮಯ್ಯನವರನ್ನು ಹೋಲುವ ಪಾತ್ರಗಳು ‘ಮುಸ್ಲಿಂ’ ಎಂದು ಬರೆದ ಮೊಟ್ಟೆಯನ್ನು ಇಡುತ್ತವೆ. ಅದರಿಂದ ಹೊರಬಂದ ಮರಿಯೊಂದಕ್ಕೇ ಅನುದಾನದ ತುತ್ತು ಸಿಗುತ್ತದೆ. ಕೊನೆಗೆ ಅದು ಉಳಿದ ಮರಿಗಳನ್ನು ಗೂಡಿನಿಂದ ಹೊರದಬ್ಬುತ್ತದೆ.

ಈ ಚಿತ್ರಕಥೆಯ ಎದುರು ಇಡಬಹುದಾದ ಸರಳ ಕೋಷ್ಟಕವೊಂದು ರಾಜ್ಯದ ಮೀಸಲಾತಿ ಆದೇಶಗಳಲ್ಲೇ ಇದೆ. ಹಿಂದುಳಿದ ವರ್ಗಗಳ ಶೇ 32ರಲ್ಲಿ ಪ್ರವರ್ಗ 1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ಮುಸ್ಲಿಮರಿಗೆ ಮೀಸಲಾದ 2ಬಿ ಈ ಶೇ 32ರ ಒಳಗಿನದು, ತೊಂಬತ್ತರ ದಶಕದಿಂದ ಇರುವಂಥದ್ದು. 2022ರಲ್ಲಿ ಶೇ 17 ಮತ್ತು ಶೇ 7ಕ್ಕೆ ಏರಿದ ಪರಿಶಿಷ್ಟ ಜಾತಿ, ಪಂಗಡಗಳ ಪಾಲು ಇದಕ್ಕಿಂತ ಪೂರ್ತಿ ಪ್ರತ್ಯೇಕ. 2ಬಿಯಿಂದ ಅದರಲ್ಲಿ ಒಂದು ಸೀಟೂ ಕರಗುವುದಿಲ್ಲ. 2ಬಿಯನ್ನು ರದ್ದುಮಾಡಿ ಆ ಪಾಲನ್ನು ಲಿಂಗಾಯತ, ಒಕ್ಕಲಿಗರಿಗೆ ಹಂಚುವ 2023ರ ಮಾರ್ಚ್‌ನ ನಿರ್ಧಾರ ಸುಪ್ರೀಂ ಕೋರ್ಟ್ ಮುಂದೆ ಹೋಗಿ ಜಾರಿಗೆ ಬರಲಿಲ್ಲ. ಧರ್ಮವೊಂದನ್ನು ಇಡಿಯಾಗಿ ಹಿಂದುಳಿದ ವರ್ಗವೆಂದು ಪರಿಗಣಿಸಬಹುದೇ ಎಂಬುದು ಗಂಭೀರ ಚರ್ಚೆ, ಅದನ್ನೆತ್ತುವ ಹಕ್ಕು ಯಾವುದೇ ಪಕ್ಷಕ್ಕಿದೆ. ಪರಿಶಿಷ್ಟರ ಮರಿಗಳನ್ನೂ ಗೂಡಿನಿಂದ ದಬ್ಬಿಸಿದ ದೃಶ್ಯ ಆ ಚರ್ಚೆಯ ಭಾಗವಲ್ಲ. ಅದನ್ನು ಈ ಕೋಷ್ಟಕವೇ ಅಲ್ಲಗಳೆಯುತ್ತದೆ.

ಮೇ 5ರಂದೇ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಕಡೆಯಿಂದ ವಿಡಿಯೊ ತೆಗೆಯುವಂತೆ ‘ಎಕ್ಸ್’ಗೆ ಸೂಚನೆ ಹೋಗಿತ್ತು. ತಕ್ಷಣ ತೆಗೆಯಿರಿ ಎಂದು ಕೇಂದ್ರ ಆಯೋಗ ಬರೆಯಬೇಕಾಗಿ ಬಂದದ್ದು ಮೇ 7ರಂದು. ರಾಜ್ಯದ 14 ಕ್ಷೇತ್ರಗಳಲ್ಲಿ ಮತದಾನ ನಡೆಯುತ್ತಿದ್ದುದೂ ಅದೇ ದಿನ.

5. ಪರಿಶೀಲನೆಯೇ ಪ್ರಚಾರವಾದಾಗ

ಪ್ರಚಾರವನ್ನು ಮಾಧ್ಯಮ ಹೇಗೆ ಪರಿಶೀಲಿಸಬೇಕು ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಮೂರು ದಶಕಗಳ ಅಧ್ಯಯನದ ಹಿನ್ನೆಲೆಯಿದೆ. 1988ರ ಬುಷ್–ಡುಕಾಕಿಸ್ ಅಧ್ಯಕ್ಷೀಯ ಸ್ಪರ್ಧೆಯಲ್ಲಿ ವಿಲಿ ಹಾರ್ಟನ್ ಜಾಹೀರಾತು ಎಬ್ಬಿಸಿದ ಕೋಲಾಹಲದ ಬಳಿಕ, ‘ವಾಷಿಂಗ್ಟನ್ ಪೋಸ್ಟ್’ನ ಅಂಕಣಕಾರ ಡೇವಿಡ್ ಬ್ರೋಡರ್ ಪತ್ರಿಕೆಗಳು ಜಾಹೀರಾತುಗಳನ್ನೂ ಭಾಷಣಗಳಂತೆ ಒರೆಗೆ ಹಚ್ಚಬೇಕೆಂದು ಒತ್ತಾಯಿಸಿದರು. ‘ಆಡ್‌ವಾಚ್’ ಎಂಬ ವರದಿಗಾರಿಕೆ ಬೆಳೆದದ್ದು ಹೀಗೆ. ಆದರೆ ಸ್ಟೀಫನ್ ಅನ್ಸೊಲಬೆಹೇರ್ ಮತ್ತು ಶಾಂತೊ ಅಯ್ಯಂಗಾರ್ ಅವರ ಪ್ರಯೋಗಗಳಲ್ಲಿ, ಪರಿಶೀಲನಾ ವರದಿ ನೋಡಿದವರ ಒಲವು ಜಾಹೀರಾತು ಕೊಟ್ಟ ಅಭ್ಯರ್ಥಿಯ ಕಡೆಗೇ ವಾಲಿದ್ದು ಕಂಡಿತು. ಟೀಕೆಯ ನೆಪದಲ್ಲಿ ಜಾಹೀರಾತು ಇನ್ನೊಮ್ಮೆ, ಅದೂ ಪುಕ್ಕಟೆಯಾಗಿ, ಪ್ರಸಾರವಾಗಿತ್ತು. 2004ರಲ್ಲಿ ಅಧ್ಯಕ್ಷೀಯ ಅಭ್ಯರ್ಥಿ ಜಾನ್ ಕೆರಿ ವಿರುದ್ಧದ ‘ಸ್ವಿಫ್ಟ್ ಬೋಟ್’ ಜಾಹೀರಾತನ್ನು ಮೊದಲು ಹಣ ಕೊಟ್ಟು ಹಾಕಿಸಿದ್ದು ಮೂರೇ ರಾಜ್ಯಗಳಲ್ಲಿ. ದೇಶದ ಮನೆಮನೆಗೂ ಅದನ್ನು ಒಯ್ದದ್ದು ಸುದ್ದಿವಾಹಿನಿಗಳು.

ಕ್ಯಾಥ್ಲೀನ್ ಹಾಲ್ ಜೇಮಿಸನ್ ಮತ್ತು ಜೋಸೆಫ್ ಕಪೆಲ್ಲ ಪರಿಶೀಲನೆಯಿಂದ ಪ್ರಯೋಜನವಿದೆ ಎಂದೇ ಕಂಡುಕೊಂಡರು. ಅವರ ಗಮನ ರೂಪದ ಮೇಲಿತ್ತು. ಜಾಹೀರಾತನ್ನು ಪರದೆ ತುಂಬ ತೋರಿಸದೆ ಚಿಕ್ಕ ಚೌಕಟ್ಟಿನಲ್ಲಿ ಓರೆಯಾಗಿಟ್ಟು, ತಿದ್ದುಪಡಿಯ ಅಕ್ಷರಗಳನ್ನು ಅದರ ಮೇಲೆಯೇ ಮೂಡಿಸಬೇಕು ಎಂಬ ಪದ್ಧತಿ ಜೇಮಿಸನ್ ಅವರ ಸಲಹೆಯಿಂದ ಬಂತು. ಕನ್ನಡ ಸುದ್ದಿವಾಹಿನಿಗಳಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಗೂಡಿನ ವಿಡಿಯೊವನ್ನು ಪೂರ್ತಿ ಪರದೆಯಲ್ಲಿ ಮತ್ತೆ ಮತ್ತೆ ಓಡಿಸುತ್ತ ಎರಡೂ ಪಕ್ಷದ ವಕ್ತಾರರನ್ನು ಕೂಗಾಡಲು ಬಿಡುವ ಚರ್ಚೆಯಲ್ಲಿ, ಉದ್ದೇಶ ಏನೇ ಇರಲಿ, ವೀಕ್ಷಕನಲ್ಲಿ ಉಳಿಯುವುದು ಮರಿಗಳು ಬೀಳುವ ಚಿತ್ರ. ಮೀಸಲಾತಿಯ ಕೋಷ್ಟಕ ಪರದೆ ತುಂಬಿ, ವಿಡಿಯೊ ಮೂಲೆಯಲ್ಲಿ ನಿಶ್ಚಲವಾಗಿದ್ದರೆ ನೆನಪಿನ ಲೆಕ್ಕ ತಿರುಗುತ್ತದೆ.

6. ಸಮಾರೋಪ

ಜಾಹೀರಾತಿನ ಸುಳ್ಳನ್ನು ಶಿಕ್ಷಿಸುವ ಸಂಸ್ಥೆಗಳು ನಮ್ಮಲ್ಲಿ ಇಲ್ಲವೆಂದಲ್ಲ. ಅವುಗಳ ಗಡಿಯಾರ ಚುನಾವಣೆಯ ಗಡಿಯಾರಕ್ಕೆ ಹೊಂದುವುದಿಲ್ಲ. ರೇಟ್ ಕಾರ್ಡ್ ಮೊಕದ್ದಮೆಯಲ್ಲಿ ರಾಹುಲ್ ಗಾಂಧಿ ಬೆಂಗಳೂರಿನ ನ್ಯಾಯಾಲಯಕ್ಕೆ ಹಾಜರಾಗಿ ಜಾಮೀನು ಪಡೆದದ್ದು 2024ರ ಜೂನ್ 7ರಂದು, ಜಾಹೀರಾತು ಬಂದು ಹದಿಮೂರು ತಿಂಗಳಾದ ಮೇಲೆ. ತೃಣಮೂಲ ಕಾಂಗ್ರೆಸ್ ವಿರುದ್ಧದ ಬಿಜೆಪಿ ಜಾಹೀರಾತುಗಳಿಗೆ ಕಲ್ಕತ್ತಾ ಹೈಕೋರ್ಟ್ 2024ರ ಮೇ 20ರಂದು ತಡೆ ನೀಡಿದಾಗ, ಆಯೋಗ ಸಕಾಲದಲ್ಲಿ ಕ್ರಮ ಕೈಗೊಳ್ಳಲಿಲ್ಲವೆಂದು ಆಕ್ಷೇಪಿಸಿತು. ಅಷ್ಟರಲ್ಲಿ ಬಂಗಾಳದ ಹಲವು ಹಂತಗಳ ಮತದಾನ ಮುಗಿದಿತ್ತು.

ಸತ್ಯ ಯಾವುದೆಂದು ಸರ್ಕಾರವಾಗಲಿ ಆಯೋಗವಾಗಲಿ ಮೊದಲೇ ಮುದ್ರೆಯೊತ್ತಬೇಕು ಎಂದು ಕೇಳುವುದು ಅಪಾಯಕಾರಿ. ಆಡಳಿತ ಪಕ್ಷದ ಕೈಗೆ ಕತ್ತರಿ ಕೊಟ್ಟಂತಾಗುತ್ತದೆ. ಆದ್ದರಿಂದ ಹೊಣೆ ಸುದ್ದಿಮನೆಯ ಮೇಲೆ ಬೀಳುತ್ತದೆ, ಅದರಲ್ಲೂ ಹಣ ಪಡೆದು ಪುಟ ಕೊಟ್ಟ ಪತ್ರಿಕೆಯ ಮೇಲೆ. ಅಂಕಿ ಇರುವ ರಾಜಕೀಯ ಜಾಹೀರಾತಿಗೆ ಮೂಲ ಕೇಳುವುದು ಜಾಹೀರಾತು ವಿಭಾಗದ ದಿನನಿತ್ಯದ ಕೆಲಸವಾಗಬೇಕು. ಮೂಲ ಕೊಡದೆಯೂ ಪ್ರಕಟವಾದರೆ, ಮರುದಿನದ ಸಂಚಿಕೆಯಲ್ಲಿ, ಅಷ್ಟೇ ಕಾಣುವ ಜಾಗದಲ್ಲಿ, ಸಾಲು ಸಾಲಾಗಿ ಬಿಡಿಸಿದ ವರದಿ ಬರಬೇಕು. ಅದು ದೂರು ಕೊಟ್ಟವರ ಹೆಸರಿನಿಂದ ಶುರುವಾಗದೆ, ದಾಖಲೆ ಏನು ಹೇಳುತ್ತದೆ ಎಂಬುದರಿಂದ ಶುರುವಾಗಬೇಕು. ಜಾಹೀರಾತು ಯಾವ ಪಕ್ಷದ್ದಾದರೂ ಅಳತೆ ಒಂದೇ ಇರಬೇಕು. ಚುನಾವಣಾ ಋತುವಿನ ಆದಾಯವನ್ನು ಪಣಕ್ಕಿಡುವ ಈ ಕೆಲಸ ಸುಲಭದ್ದಲ್ಲ. ಆದರೆ ಮೇ 5ರ ಜಾಹೀರಾತಿಗೆ ಮೇ 6ರ ಬೆಳಗ್ಗೆಯೇ, ಅದೇ ಓದುಗರಿಗೆ ಉತ್ತರ ತಲುಪಿಸಬಲ್ಲ ಸಾಮರ್ಥ್ಯ ಪತ್ರಿಕೆಗಿರುವಷ್ಟು ಬೇರೆ ಯಾವ ಸಂಸ್ಥೆಗೂ ಇಲ್ಲ.