ನಡುಗಡ್ಡೆಯ ಪಾಠ

ಡೆಟ್ರಾಯಿಟ್ ನಗರದ ವಾಯವ್ಯಕ್ಕೆ, ಓಕ್‌ಲೆಂಡ್ ಕೌಂಟಿಯ ಕೆರೆಗಳ ನಡುವೆ ಹರಡಿರುವ ವೆಸ್ಟ್ ಬ್ಲೂಮ್‌ಫೀಲ್ಡ್‌ನ ಶಾಲಾಮಂಡಳಿಗೆ ಅನ್ಯತ್ರ ದುರ್ಲಭವಾದ ಒಂದು ಆಸ್ತಿಯುಂಟು: ಆರ್ಚರ್ಡ್ ಲೇಕ್ ಎಂಬ ಕೆರೆಯ ಮಧ್ಯದಲ್ಲಿ, ಸುಮಾರು 35 ಎಕರೆ ವಿಸ್ತಾರದ, ವೃಕ್ಷನಿಬಿಡವಾದ ಆಪಲ್ ಐಲೆಂಡ್ ಎಂಬ ನಡುಗಡ್ಡೆ. ಅದರ ಒಡೆಯರು 1970ರಲ್ಲಿ ಅದನ್ನು ಶಾಲೆಗಳಿಗೆ ದಾನವಾಗಿತ್ತರು. ಎರಡನೆಯ ತರಗತಿಯಲ್ಲಿ ಸ್ವಂತ ಊರನ್ನೂ ಮೂರನೆಯದರಲ್ಲಿ ಮಿಶಿಗನ್ ರಾಜ್ಯವನ್ನೂ ಕಲಿಸಬೇಕಾದ ಆ ಪ್ರಾಂತದ ಉಪಾಧ್ಯಾಯರು, ಚರಿತ್ರೆಯ ಪಾಠವನ್ನು ಹೆಣೆಯಹೊರಟಾಗ ಪುಸ್ತಕಕ್ಕಿಂತ ಮೊದಲು ದೋಣಿಯನ್ನು ಅರಸಿದರೆ ತಪ್ಪೇನು?

1763ರಲ್ಲಿ ಡೆಟ್ರಾಯಿಟ್ ಕೋಟೆಗೆ ಮುತ್ತಿಗೆ ಹಾಕಿದ ಒಡಾವಾ ಜನಾಂಗದ ನಾಯಕ ಪಾಂಟಿಯಾಕ್ ಈ ನಡುಗಡ್ಡೆಯಲ್ಲಿ ವಾಸಿಸಿದ್ದನೆಂದೂ ಇಲ್ಲಿಯೇ ಸಮಾಧಿಸ್ಥನಾದನೆಂದೂ ಊರ ಐತಿಹ್ಯ. ಆದರೆ ಆತನು 1769ರಲ್ಲಿ ಹತನಾದುದು ಬಹುದೂರದ ಮಿಸಿಸಿಪಿ ನದೀತೀರದ ಕಹೋಕಿಯಾದಲ್ಲಿ. ಕಥೆಯನ್ನು ಕೇಳಿ ಕಣ್ಣರಳಿಸಿದ ಬಾಲಕನಿಗೆ ಇದನ್ನು ಹೇಳುವುದು ರಸಭಂಗವೆಂದು ಕೆಲವರು ಹಿಂಜರಿಯಬಹುದು. ನನಗೆ ಹಾಗೆ ತೋರದು. ಕಥೆ ಏಕೆ ಹುಟ್ಟಿತು, 1807ರ ಡೆಟ್ರಾಯಿಟ್ ಒಪ್ಪಂದದಿಂದ ಭೂಮಿಯನ್ನು ಕಳೆದುಕೊಂಡ ಮೂಲನಿವಾಸಿಗಳ ನಾಯಕನನ್ನು ಆ ಭೂಮಿಯಲ್ಲಿ ನೆಲಸಿದವರ ಸಂತತಿಯವರೇ ಏಕೆ ಇಷ್ಟು ಆದರದಿಂದ ತಮ್ಮೂರಿನವನನ್ನಾಗಿಸಿಕೊಂಡರು, ಎಂಬ ಪ್ರಶ್ನೆಯೇ ಪಾಠದ ತಿರುಳು. ದಕ್ಷಿಣ ಕನ್ನಡದಲ್ಲಿ ಉಪಾಧ್ಯಾಯರೂ ಶಾಲಾ ತನಿಖಾಧಿಕಾರಿಗಳೂ ಆಗಿದ್ದ ಪಂಜೆ ಮಂಗೇಶರಾಯರು ತುಳು ಪಾಡ್ದನದ ಕೋಟಿ ಚೆನ್ನಯರನ್ನು ಕನ್ನಡ ಗದ್ಯಕ್ಕೆ ತಂದಾಗ, ಊರಿನ ಕಥೆಯೂ ವಿದ್ಯೆಯೇ ಎಂಬ ನಂಬಿಕೆ ಅವರಲ್ಲಿ ಇದ್ದಿರಲೇಬೇಕು.

ಅನಂತರದ ಪದರಗಳೂ ಸ್ವಾರಸ್ಯರಹಿತವಲ್ಲ. ಕೆರೆಯ ದಡದಲ್ಲಿ 1877ರಲ್ಲಿ ಆರಂಭವಾದ ಸೈನಿಕ ವಿದ್ಯಾಲಯ 1908ರಲ್ಲಿ ಮುಚ್ಚಲು, ಮರುವರ್ಷವೇ ಆ ಕಟ್ಟಡಗಳಿಗೆ ಪೋಲಿಷ್ ವಲಸಿಗರ ಕ್ರೈಸ್ತ ಗುರುಮಠ ಬಂದಿತು. ಡೆಟ್ರಾಯಿಟ್ ತೊರೆದು ಹೊರವಲಯಗಳಿಗೆ ಸರಿದ ಯೆಹೂದ್ಯರು 1984ರಲ್ಲಿ ಇಲ್ಲಿ ನರಮೇಧದ ಸ್ಮಾರಕಭವನವನ್ನು ತೆರೆದರು. ಇರಾಕಿನ ತೆಲ್‌ಕೆಪ್ಪೆ ಮೊದಲಾದ ಗ್ರಾಮಗಳಿಂದ ಬಂದ ಕಲ್ಡೀಯ ಕ್ರೈಸ್ತರು ತಮ್ಮ ವಸ್ತುಸಂಗ್ರಹಾಲಯವನ್ನು ಕಟ್ಟಿಕೊಂಡರು. 1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಮೋಟಾರು ಕಾರ್ಖಾನೆಗಳನ್ನೂ ಆಸ್ಪತ್ರೆಗಳನ್ನೂ ನಂಬಿ ಡೆಟ್ರಾಯಿಟ್ ಪ್ರಾಂತಕ್ಕೆ ಬಂದ ಕನ್ನಡಿಗರು ಪಂಪನ ಹೆಸರಿನಲ್ಲಿ ಕೂಟವನ್ನು ಕಟ್ಟಿದರು. 2002ರ ವಿಶ್ವ ಕನ್ನಡ ಸಮ್ಮೇಳನ ನೆರೆದದ್ದೂ ಡೆಟ್ರಾಯಿಟಿನಲ್ಲಿಯೇ.

ಇಷ್ಟಿದ್ದೂ, ಸಂಸ್ಕೃತಿಯ ಪಾಠವೆಂದೊಡನೆ ಮಗುವಿಗೆ ರೇಷ್ಮೆ ಲಂಗ ತೊಡಿಸಿ, ಒಂದು ಡಬ್ಬಿ ಚಕ್ಕುಲಿ ಕಳುಹಿಸಿ ಕೃತಾರ್ಥರಾಗುವ ನಮ್ಮವರ ಅಭ್ಯಾಸವನ್ನು ನಾನು ಮೆಚ್ಚಲಾರೆ. ಚಕ್ಕುಲಿ ರುಚಿಯಾಗಿರುತ್ತದೆ, ನಿಜ. ಆದರೆ ಅದು ಊರಿನ ಚರಿತ್ರೆಯಲ್ಲಿ ಕನ್ನಡಿಗನಿಗೊಂದು ಪುಟವನ್ನು ದೊರಕಿಸಿಕೊಡದು. ಯಾವ ವರ್ಷ, ಯಾವ ಕೆಲಸಕ್ಕೆ, ಯಾರ ಮನೆಯಲ್ಲಿ ಮೊದಲು ಇಳಿದುಕೊಂಡಿರಿ ಎಂಬುದನ್ನು, ಸಾಧ್ಯವಾದರೆ ಹಳೆಯ ಕಾಗದಪತ್ರಗಳ ಸಮೇತ, ಬರೆದು ಉಪಾಧ್ಯಾಯರ ಕೈಗೆ ಕೊಡಿರಿ. ಮೊದಲು ಬಂದವರಿಗೆ ಈಗ ವಯಸ್ಸಾಗಿದೆ.