ಗಡಿಯ ಜಗಳ, ನೆತ್ತರಿನ ಲೆಕ್ಕ

ಊರ ಹೊರಗೆ ನಿಂತ ವೀರಗಲ್ಲುಗಳನ್ನು ರಾಜರ ಯುದ್ಧಗಳ ನೆನಪೆಂದು ನಾವು ಸುಲಭವಾಗಿ ಭಾವಿಸುತ್ತೇವೆ. ಶಾಸನಗಳನ್ನು ಓದಿದರೆ ಚಿತ್ರ ಬದಲಾಗುತ್ತದೆ. ಅವುಗಳಲ್ಲಿ ಎಷ್ಟೋ ಕಲ್ಲುಗಳು ತುರುಗೋಳಿನಲ್ಲಿ, ಅಕ್ಕಪಕ್ಕದ ಊರುಗಳ ಗಡಿಜಗಳದಲ್ಲಿ ಮಡಿದವರವು. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರಿತ್ತು. ನೆಲಕ್ಕಾಗಿ ಹರಿದ ನೆತ್ತರಿಗೆ ನೆಲವೇ ಪರಿಹಾರ.

ಹಾಗಾದರೆ ನೆತ್ತರು ಹರಿಯುವ ಮುನ್ನ ನ್ಯಾಯ ಏನು ಮಾಡುತ್ತಿತ್ತು? ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನ ‘ಮಿತಾಕ್ಷರ’ದಲ್ಲಿ ಸೀಮಾವಿವಾದಕ್ಕೇ ಒಂದು ಪ್ರಕರಣವಿದೆ. ಮರ, ಹುತ್ತ, ಇದ್ದಿಲು, ಹೊಟ್ಟು ಇವೆಲ್ಲ ಗಡಿಯ ಗುರುತುಗಳು. ಗುರುತು ಸಾಲದಿದ್ದರೆ ನಾಲ್ಕು, ಎಂಟು ಅಥವಾ ಹತ್ತು ಮಂದಿ ನೆರೆಯವರು ಕೆಂಪು ಮಾಲೆ, ಕೆಂಪು ಬಟ್ಟೆ ತೊಟ್ಟು, ತಲೆಯ ಮೇಲೆ ಮಣ್ಣು ಹೊತ್ತು ಗಡಿಯನ್ನು ತೋರಿಸಬೇಕು. ಸುಳ್ಳಾಡಿದರೆ ದಂಡ. ಜಗಳವಾಡುವವರೂ ನೆರೆಯವರೇ, ಸತ್ಯ ಬಲ್ಲವರೂ ನೆರೆಯವರೇ ಎಂಬುದನ್ನು ಈ ವಿಧಿ ಅರಿತಿತ್ತು.

ಇಂದು ಆ ಜಾಗದಲ್ಲಿ ಮ್ಯಾಜಿಸ್ಟ್ರೇಟರಿದ್ದಾರೆ. ಜಮೀನಿನ ತಂಟೆಯಿಂದ ಶಾಂತಿಭಂಗವಾಗುವಂತಿದ್ದರೆ ಅವರು ಮಧ್ಯೆ ಬರಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 145ನೆಯ ಕಲಂ 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 164 ಆಗಿದೆ. ಅಲ್ಲಿ ಕೇಳುವುದು ಸ್ವಾಧೀನ ಯಾರದು ಎಂದಷ್ಟೇ. ಒಡೆತನ ಯಾರದೆಂಬುದು ಸಿವಿಲ್ ಕೋರ್ಟಿಗೆ ಸೇರಿದ್ದು. ಮೊದಲ ಪ್ರಶ್ನೆ ಕೈ ತಡೆಯುತ್ತದೆ, ಎರಡನೆಯದು ಜಗಳ ಮುಗಿಸುತ್ತದೆ. ಇವೆರಡರ ನಡುವೆ ಎಷ್ಟು ವರ್ಷ ಕಳೆದರೂ ಬದುವಿನ ಎರಡೂ ಬದಿಯವರು ಅದೇ ಹೊಲಕ್ಕೆ ಹೋಗಲೇಬೇಕು. ಕಾನೂನಿನ ನಿಜವಾದ ಪರೀಕ್ಷೆ ಆ ವರ್ಷಗಳಲ್ಲಿದೆ.